ಸೀಜ್ ಆದ (ಬಿಗಿದು ನಿಂತ) ರೈಡಿಂಗ್ ಮೋವರ್: ಹಳೇ ಇಂಜಿನ್ ಇಳಿಸಿ ಹೊಸದು ಕೂರಿಸಿದ ಕೆಲಸ

ಗಾಡಿ: 42 ಇಂಚಿನ ಡೆಕ್ (ಬ್ಲೇಡುಗಳಿರುವ ಕೆಳಗಿನ ಕವಚ) ಇರುವ, ಕೂತು ಓಡಿಸುವ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್. ಇಂಜಿನ್: ಒಂದೇ ಸಿಲಿಂಡರ್, 500 ಸಿಸಿ, ಓವರ್‌ಹೆಡ್ ವಾಲ್ವ್, ಕ್ರ್ಯಾಂಕ್ ಶಾಫ್ಟು ನೆಟ್ಟಗೆ ಕೆಳಕ್ಕೆ ಇಳಿಯುವ ಬಗೆಯದು. ದೂರು: ಹುಲ್ಲು ಕೊಯ್ಯುತ್ತಿದ್ದಾಗಲೇ ‘ಡಬ್’ ಎಂದು ನಿಂತಿದೆ. ಈಗ ಕೀ ತಿರುಗಿಸಿದರೆ ಸ್ಟಾರ್ಟರ್‌ಗೆ ಕರೆಂಟ್ ಹಾಯಿಸುವ ಸೊಲೆನಾಯ್ಡ್ ಸ್ವಿಚ್ ‘ಟಕ್’ ಅನ್ನುತ್ತದೆ, ಅಷ್ಟೇ.

ಇಷ್ಟು ಕೇಳಿದ ಕೂಡಲೇ ಹೊಸ ಇಂಜಿನ್ ತರಿಸಲು ಹೊರಡುವವರಿದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಇಂಜಿನ್ ಸತ್ತಂತೆ ಕಾಣಿಸುವ ತೊಂದರೆಗಳಲ್ಲಿ ಹೆಚ್ಚಿನವು ಸಾವಲ್ಲ. ಅರ್ಧ ಗಂಟೆ ಪರೀಕ್ಷೆ ಮಾಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ನಿಜಕ್ಕೂ ಸತ್ತಿದೆಯೇ?

ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ‘ಟಕ್’ ಎಂದಾಗ ಲೈಟು ಪೂರ್ತಿ ಮಂಕಾದರೆ ಸ್ಟಾರ್ಟರ್‌ಗೆ ಕರೆಂಟ್ ಹೋಗುತ್ತಿದೆ; ಬ್ಯಾಟರಿ ಸೋತಿದೆ ಇಲ್ಲವೇ ಇಂಜಿನ್ ಬಿಗಿದಿದೆ. ಲೈಟು ಅಲುಗದೆ ಉರಿಯುತ್ತಿದ್ದರೆ ಸೊಲೆನಾಯ್ಡ್ ಕಾಂಟ್ಯಾಕ್ಟ್ ಸುಟ್ಟಿದೆ, ಅಥವಾ ಕೇಬಲ್ ತುದಿ ತುಕ್ಕು ಹಿಡಿದಿದೆ. ಇಂಜಿನ್ ಬದಲಿಸಿದರೂ ಅದು ಸರಿಹೋಗುವುದಿಲ್ಲ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮೇಲಿನ ಜಾಲರಿ ಹಿಡಿದು ಫ್ಲೈವೀಲನ್ನು ಗಡಿಯಾರದ ದಿಕ್ಕಿನಲ್ಲಿ ಕೈಯಿಂದ ತಿರುಗಿಸಬೇಕು. ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮಿ ಇಂಜಿನ್ ಸಲೀಸಾಗಿ ತಿರುಗಿದರೆ ಅದು ಹೈಡ್ರೋ ಲಾಕ್. ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿ ಸೋರಿ ಸಿಲಿಂಡರ್ ತುಂಬಿದೆ. ಸೂಜಿ, ಅದು ಕೂರುವ ಸೀಟು ಬದಲಿಸಿ, ಆಯಿಲ್ ಬದಲಿಸಿದರೆ ಕೆಲಸ ಮುಗಿಯಿತು. ಮುಖ ಮಾತ್ರ ತೂತಿನ ನೇರಕ್ಕೆ ಇಟ್ಟುಕೊಳ್ಳಬೇಡಿ.

ಪ್ಲಗ್ ಇಲ್ಲದಾಗ ಸಲೀಸು, ಪ್ಲಗ್ ಹಾಕಿದರೆ ಸ್ಟಾರ್ಟರ್ ಅರ್ಧ ಸುತ್ತು ತಿರುಗಿ ಗೋಡೆಗೆ ಢಿಕ್ಕಿ ಹೊಡೆದಂತೆ ನಿಲ್ಲುತ್ತದೆ ಅಂದರೆ ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ನೋಡಬೇಕು. ಈ ಇಂಜಿನ್‌ಗಳ ಕ್ಯಾಮ್ ಶಾಫ್ಟಿನಲ್ಲಿ, ಸ್ಟಾರ್ಟ್ ಆಗುವ ವೇಗದಲ್ಲಿ ಮಾತ್ರ ಒಂದು ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಒತ್ತಡ ಹೊರಬಿಡುವ ಸಣ್ಣ ಉಬ್ಬು ಇರುತ್ತದೆ. ಟ್ಯಾಪೆಟ್ ಸಡಿಲವಾದರೆ ಆ ಉಬ್ಬಿನ ಎತ್ತರವನ್ನೆಲ್ಲ ಸಡಿಲವೇ ನುಂಗಿಬಿಡುತ್ತದೆ, ವಾಲ್ವ್ ಏಳುವುದೇ ಇಲ್ಲ. ಈ ಗಾತ್ರದ ಬ್ರಿಗ್ಸ್ (ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ) ಸಿಂಗಲ್ ಸಿಲಿಂಡರ್ ಇಂಜಿನ್‌ಗಳಲ್ಲಿ ಈ ಸಂದು ಇನ್‌ಟೇಕ್ 0.08ರಿಂದ 0.13 ಮಿ.ಮೀ., ಎಕ್ಸಾಸ್ಟ್ 0.13ರಿಂದ 0.18 ಮಿ.ಮೀ. ಅಳತೆ ತೆಗೆಯುವಾಗ ಪಿಸ್ಟನ್ ಕಂಪ್ರೆಶನ್ ಸ್ಟ್ರೋಕಿನ ತುದಿಯಲ್ಲಿ ಇರಬಾರದು, ತುದಿ ದಾಟಿ 6 ಮಿ.ಮೀ. ಇಳಿದಿರಬೇಕು. ಇಲ್ಲವಾದರೆ ಅದೇ ಉಬ್ಬು ವಾಲ್ವನ್ನು ಹಿಡಿದುಕೊಂಡು ಫೀಲರ್ ಗೇಜಿಗೆ ಸುಳ್ಳು ಹೇಳಿಸುತ್ತದೆ. ಹತ್ತು ನಿಮಿಷದ ಈ ಹೊಂದಾಣಿಕೆ ಗೊತ್ತಿಲ್ಲದೆ ಸ್ಟಾರ್ಟರ್, ಬ್ಯಾಟರಿ, ಕೇಬಲ್ ಎಲ್ಲ ಬದಲಿಸಿ ಕೊನೆಗೆ ಇಂಜಿನ್ನಿಗೇ ಕೈಹಾಕುವುದುಂಟು.

ನೀಲಿ ಹೊಗೆ, ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಆಯಿಲ್: ಇದನ್ನು ನೋಡಿ ಪಿಸ್ಟನ್ ರಿಂಗ್ ಹೋಗಿದೆ ಎಂದು ತೀರ್ಮಾನಿಸುವ ಮೊದಲು ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ. ಸಿಲಿಂಡರಿಗೂ ಪುಶ್‌ರಾಡ್ ಓಡಾಡುವ ಪೊಳ್ಳಿಗೂ ನಡುವೆ ಗ್ಯಾಸ್ಕೆಟ್ ಪಟ್ಟಿ ಸಣ್ಣದು. ಅದು ಸುಟ್ಟರೆ ದಹನದ ಗಾಳಿ ನೇರ ಕ್ರ್ಯಾಂಕ್‌ಕೇಸಿಗೆ (ಆಯಿಲ್ ಇರುವ ಕೆಳಗಿನ ಪೆಟ್ಟಿಗೆಗೆ) ನುಗ್ಗಿ ಆಯಿಲನ್ನು ಹೊರಗೆ ಉಗುಳಿಸುತ್ತದೆ. ಕಂಪ್ರೆಶನ್ ಗೇಜ್ ಇಲ್ಲಿ ನಂಬಿಕೆಗೆ ಅರ್ಹವಲ್ಲ, ಒತ್ತಡ ಹೊರಬಿಡುವ ಉಬ್ಬಿನಿಂದಾಗಿ ಒಳ್ಳೆಯ ಇಂಜಿನ್ನೂ ಕಡಿಮೆಯೇ ತೋರಿಸುತ್ತದೆ. ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ತೋರಿಸುವ ಲೀಕ್‌ಡೌನ್ ಟೆಸ್ಟರ್ ಹಾಕಿ ಕಿವಿಗೊಡಿ: ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬೊರೇಟರಿನಲ್ಲಾದರೆ ಇನ್‌ಟೇಕ್, ಡಿಪ್‌ಸ್ಟಿಕ್ ಕೊಳವೆಯಲ್ಲಾದರೆ ರಿಂಗ್ ಅಥವಾ ಗ್ಯಾಸ್ಕೆಟ್. ಗ್ಯಾಸ್ಕೆಟ್ ಬದಲಿಸಿದರೆ ಹೆಡ್ ಬೋಲ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ, ಮೂರು ಹಂತದಲ್ಲಿ 25 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು.

ಈ ಗಾಡಿಯದು ಇವು ಯಾವುವೂ ಅಲ್ಲ. ಫ್ಲೈವೀಲ್ ಮೂರನೇ ಒಂದು ಸುತ್ತು ತಿರುಗಿ ‘ಠಣ್’ ಎಂದು ನಿಲ್ಲುತ್ತದೆ, ಹಿಂದಕ್ಕೆ ತಿರುಗಿಸಿದರೂ ಅಷ್ಟೇ. ಪ್ಲಗ್ ತೂತಿನಲ್ಲಿ ಇಳಿಬಿಟ್ಟ ಪ್ಲಾಸ್ಟಿಕ್ ಸ್ಟ್ರಾ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಕ್ರ್ಯಾಂಕ್ ತಿರುಗುತ್ತಿದೆ, ಪಿಸ್ಟನ್ ಕದಲುತ್ತಿಲ್ಲ ಎಂದರೆ ಕನೆಕ್ಟಿಂಗ್ ರಾಡ್ ತುಂಡಾಗಿದೆ.

ಆಯಿಲನ್ನು ಬಿಳಿ ಟ್ರೇಗೆ ಇಳಿಸಿದಾಗ ಉಳಿದ ಕಥೆ ಗೊತ್ತಾಯಿತು. 1.4 ಲೀಟರ್ ಇರಬೇಕಾದ ಕಡೆ ಎರಡು ಲೀಟರಿನ ಹತ್ತಿರ ಬಂತು. ನೀರಿನಷ್ಟು ತೆಳು, ಪೆಟ್ರೋಲಿನ ಘಾಟು. ಟ್ರೇ ಓರೆ ಮಾಡಿದರೆ ತಳದಲ್ಲಿ ಮೀನಿನ ಪೊರೆಯಂತೆ ಬೆಳ್ಳಿ ಚೂರುಗಳು ಜಾರಿದವು. ಅಯಸ್ಕಾಂತ ಹಿಡಿದರೆ ಒಂದೂ ಅಂಟಲಿಲ್ಲ. ಎಲ್ಲ ಅಲ್ಯೂಮಿನಿಯಂ, ಅಂದರೆ ರಾಡಿನದೇ. ಅಂಟಿದ್ದು ರಾಡ್ ಕ್ಯಾಪಿನ ಬೋಲ್ಟೊಂದು ಮಾತ್ರ. ಸ್ಟಾರ್ಟರ್ ಮೋಟರ್ ತೆಗೆದಾಗ ಅದರ ಮರೆಯಲ್ಲಿ ಕ್ರ್ಯಾಂಕ್‌ಕೇಸಿಗೆ ಹೆಬ್ಬೆರಳು ತೂರುವಷ್ಟು ಕಿಟಕಿ ಬಿದ್ದಿತ್ತು.

ಕಾರಣದ ಸರಪಳಿ ನೇರವಾಗಿದೆ. ಈ ಗಾಡಿಯಲ್ಲಿ ಟ್ಯಾಂಕು ಕಾರ್ಬೊರೇಟರಿಗಿಂತ ಎತ್ತರದಲ್ಲಿದೆ. ಟ್ಯಾಂಕಿನ ಕಸ ಫ್ಲೋಟ್ ಸೂಜಿಯ ಕೆಳಗೆ ಸಿಕ್ಕಿ, ನಿಂತ ಗಾಡಿಯಲ್ಲಿ ಪೆಟ್ರೋಲ್ ಹನಿಹನಿಯಾಗಿ ಸಿಲಿಂಡರಿಗೆ, ಅಲ್ಲಿಂದ ರಿಂಗ್ ದಾಟಿ ಆಯಿಲಿಗೆ ಇಳಿದಿದೆ. ಈ ಸಣ್ಣ ಇಂಜಿನ್‌ಗಳ ಅಲ್ಯೂಮಿನಿಯಂ ರಾಡಿಗೆ ಪ್ರತ್ಯೇಕ ಬೇರಿಂಗ್ ಶೆಲ್ ಇಲ್ಲ, ರಾಡು ನೇರವಾಗಿ ಕ್ರ್ಯಾಂಕ್ ಪಿನ್ ಮೇಲೆ ಓಡುತ್ತದೆ. ನಡುವೆ ಇರುವುದು ಆಯಿಲ್ ಪದರ ಮಾತ್ರ. ಆ ಪದರ ತೆಳುವಾದರೆ ಪಿನ್ನಿಗೆ ಅಲ್ಯೂಮಿನಿಯಂ ಮೆತ್ತಿಕೊಂಡು, ರಾಡು ಕಚ್ಚಿಕೊಂಡು, ಮುರಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದು ನೋಡಿ “ಆಯಿಲ್ ಧಾರಾಳವಾಗಿದೆ” ಎಂದುಕೊಳ್ಳುವುದು ಇಲ್ಲಿನ ದೊಡ್ಡ ಮೋಸ.

ಕೇಸು ಗಟ್ಟಿಯಾಗಿದ್ದಿದ್ದರೆ ಪಿನ್ನಿನ ಮೇಲೆ ಮೆತ್ತಿದ ಅಲ್ಯೂಮಿನಿಯಂ ತೆಗೆದು, ಅಳತೆ ಸರಿಯಿದ್ದರೆ ಹೊಸ ರಾಡು ಹಾಕಬಹುದಿತ್ತು. ಕಿಟಕಿ ಬಿದ್ದಿರುವುದಕ್ಕೆ ಎಪಾಕ್ಸಿ ಮೆತ್ತುವ ಯೋಚನೆ ಬೇಡ.

ಹೊಸ ಇಂಜಿನ್ ಆರಿಸುವ ಅಳತೆಗಳು

ಹಾರ್ಸ್‌ಪವರ್ ಕೊನೆಗೆ ನೋಡಿ. ಮೊದಲು ಶಾಫ್ಟು: ವ್ಯಾಸ 1 ಇಂಚು, ಉದ್ದ 3 ಮತ್ತು 5/32 ಇಂಚು, ಅಂದರೆ ಸುಮಾರು 80 ಮಿ.ಮೀ., ಪುಲ್ಲಿ ಜಾರದಂತೆ ಹಿಡಿಯುವ ಕೀ (ಲೋಹದ ತುಂಡು) ಕೂರಲು 1/4 ಇಂಚಿನ ತೋಡು, ತುದಿಯಲ್ಲಿ 7/16 ಇಂಚಿನ 20 ಥ್ರೆಡ್ ತೂತು. ಈ ವರ್ಗದ ಗಾಡಿಗಳಲ್ಲಿ ಇದೇ ಹೆಚ್ಚು. ಶಾಫ್ಟು ಗಿಡ್ಡವಾದರೆ ಎರಡು ಪುಲ್ಲಿಗಳ ಸಾಲು ಕೂರುವುದಿಲ್ಲ. ಉದ್ದವಾದರೆ ಬೆಲ್ಟಿನ ಗೆರೆ ತಪ್ಪುತ್ತದೆ, ಸ್ಪೇಸರ್ ಹುಡುಕಬೇಕು. ನಾಲ್ಕು ಮೌಂಟಿಂಗ್ ತೂತುಗಳ ಅಂತರವನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ.

ಬ್ರಿಗ್ಸ್ ಇಂಜಿನ್ನಾದರೆ ಕವಚದ ಮೇಲೆ ಮಾಡೆಲ್, ಟೈಪ್, ಕೋಡ್ ಎಂದು ಮೂರು ಸಂಖ್ಯೆ ಒತ್ತಿರುತ್ತಾರೆ. ಈ ಗಾತ್ರದವುಗಳ ಮಾಡೆಲ್ ಸಂಖ್ಯೆಯ ಮೊದಲ ಎರಡು ಅಂಕಿ ಸಿಲಿಂಡರ್ ಗಾತ್ರ, ಘನ ಇಂಚಿನಲ್ಲಿ. 31 ಎಂದರೆ 500 ಸಿಸಿ ವರ್ಗ. ಕೋಡ್‌ನ ಮೊದಲ ಆರು ಅಂಕಿ ತಯಾರಾದ ವರ್ಷ, ತಿಂಗಳು, ದಿನ. ಬಿಡಿಭಾಗ ಹುಡುಕುವಾಗ ಟೈಪ್ ಸಂಖ್ಯೆಯನ್ನು ಬಿಟ್ಟರೆ ಕೆಲಸ ಕೆಡುತ್ತದೆ, ಶಾಫ್ಟಿನ ಅಳತೆ ಅಡಗಿರುವುದು ಅದರಲ್ಲೇ.

ಎರಡು ಸಿಲಿಂಡರಿನ ವಿ-ಟ್ವಿನ್ ಹಾಕುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಕೂರುತ್ತದೆ, ನಿಜ. ಆದರೆ ಸೈಲೆನ್ಸರ್ ಬೇರೆ ಬೇಕು, ಬಾನೆಟ್ ಒಳಗೆ ಅಗಲ ಸಾಕಾಗಬೇಕು, ವೈರಿಂಗ್ ಕನೆಕ್ಟರ್ ಬೇರೆ. ಗೇರ್‌ಬಾಕ್ಸು ಮಾತ್ರ ಹಳೆಯದೇ. 42 ಇಂಚಿನ ಡೆಕ್ಕಿಗೆ ಇಷ್ಟೆಲ್ಲ ತಾಪತ್ರಯ ಬೇಡ ಅನಿಸುತ್ತದೆ. ಇಲ್ಲಿ ತಂದದ್ದು ಅದೇ ಶಾಫ್ಟು, ಅದೇ ದಿಕ್ಕಿಗೆ ಎಕ್ಸಾಸ್ಟ್ ಇರುವ ಒಂದೇ ಸಿಲಿಂಡರಿನದು.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ಮೊದಲು. ಪೆಟ್ರೋಲ್ ಟ್ಯಾಂಕು ಪೂರ್ತಿ ಖಾಲಿ ಮಾಡಿ ಗಾಡಿಯಿಂದಲೇ ಹೊರಗಿಡಿ. ಪ್ರತಿ ವೈರಿಗೂ ಟೇಪ್ ಸುತ್ತಿ ಹೆಸರು ಬರೆಯಿರಿ, ಫೋಟೋ ತೆಗೆದಿದ್ದರೂ ಸರಿ. ಎಣ್ಣೆ ಹತ್ತಿದ ಮೇಲೆ ಕೆಂಪು, ಕಪ್ಪು, ಕಂದು ಎಲ್ಲ ಒಂದೇ ಬಣ್ಣ. ಥ್ರಾಟಲ್ ಕೇಬಲ್ಲಿನ ಹೊರಕವಚ ಕ್ಲಾಂಪಿನಿಂದ ಎಷ್ಟು ಹೊರಬಂದಿದೆ ಎಂದು ಮಾರ್ಕರ್‌ನಿಂದ ಗೆರೆ ಎಳೆಯಿರಿ. ಡೆಕ್ ಕಳಚಿ ಪಕ್ಕಕ್ಕೆಳೆದು, ಬ್ಲೇಡ್ ಸ್ಪಿಂಡಲ್‌ಗಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ ಬೇರಿಂಗ್ ಈಗಲೇ ಬದಲಿಸುವುದು ಒಳ್ಳೆಯದು. ಡ್ರೈವ್ ಬೆಲ್ಟ್ ಯಾವ ಐಡ್ಲರ್‌ನ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಗಾಲಿ) ಯಾವ ಮಗ್ಗುಲಲ್ಲಿ ಹೋಗಿದೆ ಎಂಬ ಚಿತ್ರ ಬರೆದಿಡಿ.

ಇನ್ನು ಪುಲ್ಲಿ. ಇಡೀ ಕೆಲಸದಲ್ಲಿ ಬೆವರಿಳಿಸುವುದು ಇದೊಂದೇ. ಉಳಿದದ್ದಕ್ಕೆ ಎರಡು ಗಂಟೆಯಾದರೆ ಇದೊಂದಕ್ಕೇ ಒಂದು ದಿನ ಹೋಗಬಹುದು.

ಶಾಫ್ಟಿನ ತುದಿಯ ಬೋಲ್ಟು ಸಾಮಾನ್ಯವಾಗಿ ಇಂಪ್ಯಾಕ್ಟ್ ರೆಂಚಿಗೆ ಬರುತ್ತದೆ. ಕೈ ಪಾನದಲ್ಲಿ ತೆಗೆಯುವಾಗ ಕ್ರ್ಯಾಂಕ್ ತಿರುಗದಂತೆ ಹಿಡಿಯುವುದೇ ಪಜೀತಿ; ಸೀಜ್ ಆದ ಇಂಜಿನ್ನಿನ ಒಂದೇ ಒಂದು ಉಪಕಾರವೆಂದರೆ ಆ ಪಜೀತಿ ಇಲ್ಲ. ಬೋಲ್ಟು ಬಂದರೂ ಪುಲ್ಲಿ ಬರುವುದಿಲ್ಲ. ವರ್ಷಗಟ್ಟಲೆ ಒದ್ದೆ ಹುಲ್ಲು ಸಿಡಿದು ಶಾಫ್ಟಿಗೂ ಪುಲ್ಲಿಯ ಹಬ್ಬಿಗೂ ನಡುವಿನ ಸಂದು ತುಕ್ಕಿನಿಂದ ಬೆಸೆದಿರುತ್ತದೆ.

ಹೊರಗೆ ಕಾಣುವ ಶಾಫ್ಟನ್ನು ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ. ಪುಲ್ಲಿ ಜಾರಿ ಬರಬೇಕಾದದ್ದು ಆ ದಾರಿಯಲ್ಲೇ. ಕೀ ಕೂರುವ ತೋಡಿನ ಸಂದಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಎರಡು ಕಾಲಿನ ಪುಲ್ಲರನ್ನು ಪುಲ್ಲಿಯ ಅಂಚಿಗೆ ಹಾಕಬೇಡಿ. ಅದು ಒತ್ತಿದ ತಗಡು, ಅರ್ಧ ಸುತ್ತಿಗೇ ಮಡಚಿಕೊಳ್ಳುತ್ತದೆ, ಆಮೇಲೆ ಬೆಲ್ಟು ಕುಣಿಯುತ್ತದೆ. ಹಬ್ಬಿನ ಹಿಂದೆ ಎರಡು ತುಂಡಿನ ಬೇರಿಂಗ್ ಪ್ಲೇಟ್ ಸೇರಿಸಿ ಅದಕ್ಕೆ ಪುಲ್ಲರ್ ಕೊಕ್ಕೆ ಹಾಕಬೇಕು. ಶಾಫ್ಟಿನ ಥ್ರೆಡ್ ಕೆಡದಿರಲೆಂದು ಹಳೇ ಬೋಲ್ಟನ್ನು ನಾಲ್ಕೈದು ಸುತ್ತು ಹಾಕಿ ಅದರ ತಲೆಗೆ ಪುಲ್ಲರ್ ಸ್ಕ್ರೂ ಒತ್ತಿಸಿ. ಬಿಗಿ ಮಾಡಿ, ಹಬ್ಬಿನ ಪಕ್ಕಕ್ಕೆ ಸುತ್ತಿಗೆಯಿಂದ ಸಣ್ಣದಾಗಿ ತಟ್ಟಿ, ಮತ್ತೆ ಕಾಲು ಸುತ್ತು ಬಿಗಿ ಮಾಡಿ. ಇಲ್ಲಿ ಮೂರನೇ ಸಲ ‘ಪಟ್’ ಎಂದು ಸದ್ದು ಬಂದು ಕೆಂಪು ಪುಡಿ ಉದುರಿತು. ಆಮೇಲೆ ಮಿಲಿಮೀಟರ್ ಲೆಕ್ಕದಲ್ಲಿ ಇಳಿಯತೊಡಗಿತು.

ಬರೀ ಕಬ್ಬಿಣದ ಪುಲ್ಲಿಯಾದರೆ ಹಬ್ಬನ್ನು ಬೆಂಕಿಯ ಗ್ಯಾಸ್ ಟಾರ್ಚಿನಿಂದ ಕಾಯಿಸಬಹುದು, ಅದೂ ಪೆನೆಟ್ರೇಟಿಂಗ್ ಆಯಿಲನ್ನು ಒರೆಸಿ, ಪೆಟ್ರೋಲ್ ಹತ್ತಿರವೆಲ್ಲೂ ಇಲ್ಲದಿದ್ದರೆ ಮಾತ್ರ. ಬ್ಲೇಡ್ ಓಡಿಸಲು ಎಲೆಕ್ಟ್ರಿಕ್ ಕ್ಲಚ್ ಇರುವ ಗಾಡಿಗಳಲ್ಲಿ ಬೆಂಕಿ ತೋರಿಸಲೇಬಾರದು, ಒಳಗಿನ ಕಾಯಿಲ್ ಕರಗುತ್ತದೆ. ಕ್ಲಚ್ ಉಳಿದಿದೆಯೇ ಎಂದು ತಿಳಿಯಲು ಕಾಯಿಲ್ ರೆಸಿಸ್ಟೆನ್ಸ್ ನೋಡಿ. ಸಾಮಾನ್ಯವಾಗಿ 2ರಿಂದ 4 ಓಮ್ ಒಳಗಿರುತ್ತದೆ. ಶಾಫ್ಟಿನ ತುದಿಗೆ ಸುತ್ತಿಗೆ ಏಟು ಹಾಕುವುದು ಸತ್ತ ಇಂಜಿನ್ನಿಗಾದರೆ ಪರವಾಗಿಲ್ಲ, ಜೀವಂತ ಇಂಜಿನ್ನಿಗೆ ಎಂದೂ ಬೇಡ. ಏಟೆಲ್ಲ ಒಳಗಿನ ಥ್ರಸ್ಟ್ ಮೈಗೆ ಹೋಗುತ್ತದೆ.

ಪುಲ್ಲಿ ಇಳಿದ ಮೇಲೆ ಸ್ಪೇಸರ್, ವಾಷರ್, ಕೀಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿಡಿ. ಇನ್ನು ನಾಲ್ಕು ಮೌಂಟಿಂಗ್ ಬೋಲ್ಟು ತೆಗೆದು ಇಬ್ಬರು ಹಿಡಿದು ಎತ್ತಿದರೆ ಆಯಿತು.

ಕೂರಿಸುವುದು

ಫ್ರೇಮಿನ ಮೇಲಿನ ಎಣ್ಣೆ-ಹುಲ್ಲಿನ ಗಟ್ಟಿ ಪದರ ಕೆರೆದು ಬೋಲ್ಟ್ ತೂತುಗಳ ಸುತ್ತ ಬಿರುಕಿದೆಯೇ ನೋಡಬೇಕು. ಹೊಸ ಇಂಜಿನ್ನಿನ ಪಾದದ ತೂತುಗಳಲ್ಲಿ ಹಲವು ಸಲ ಥ್ರೆಡ್ಡೇ ಇರುವುದಿಲ್ಲ. ಅದು ದೋಷವಲ್ಲ. ಥ್ರೆಡ್ ತಾನೇ ಮಾಡಿಕೊಳ್ಳುವ, ಮೂರು ಮೂಲೆಯ ಮೈಯಿರುವ ಬೋಲ್ಟು ಅದಕ್ಕೆ ಬೇಕು. ಸಾಮಾನ್ಯ ಬೋಲ್ಟು ತುರುಕಿದರೆ ಅಲ್ಯೂಮಿನಿಯಂ ಕಿತ್ತುಬರುತ್ತದೆ. ಇಂಜಿನ್ ಕೂರಿಸುವ ಮೊದಲೇ, ಬೆಂಚಿನ ಮೇಲೆ, ಒಂದು ಹನಿ ಎಣ್ಣೆ ಬಿಟ್ಟು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ನಾಲ್ಕೂ ತೂತುಗಳಲ್ಲಿ ಥ್ರೆಡ್ ಮಾಡಿಟ್ಟುಕೊಂಡರೆ, ಆಮೇಲೆ ಫ್ರೇಮಿನ ಅಡಿಯಲ್ಲಿ ಮಲಗಿ ಒದ್ದಾಡುವುದು ತಪ್ಪುತ್ತದೆ. ಇಂಪ್ಯಾಕ್ಟ್ ರೆಂಚ್ ಇಲ್ಲಿಗೆ ತರಬೇಡಿ.

ಹೊಸ ಶಾಫ್ಟಿಗೆ ಆಂಟಿಸೀಜ್ ಪೇಸ್ಟ್ ತೆಳುವಾಗಿ ಬಳಿಯಬೇಕು. ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ. ಕೀ ಹೊಸದೇ ಇರಲಿ. ಪುಲ್ಲಿ ಕೈಯಿಂದಲೇ ಜಾರಿ ಕೂರಬೇಕು, ಕೂರದಿದ್ದರೆ ಪುಲ್ಲಿಯ ಒಳಮೈ ಉಜ್ಜಿ, ಬಡಿಯಬೇಡಿ. ಎಲೆಕ್ಟ್ರಿಕ್ ಕ್ಲಚ್ ಇದ್ದರೆ ಬೋಲ್ಟಿಗೆ 68ರಿಂದ 75 ನ್ಯೂಟನ್ ಮೀಟರ್ ಸಾಮಾನ್ಯ ಬಿಗಿತ. ಕ್ಲಚ್ಚಿನ ಮೈ ಸುತ್ತದಂತೆ ತಡೆಯುವ ಪಟ್ಟಿ ತನ್ನ ಗೂಟಕ್ಕೆ ಸಿಕ್ಕಿದೆಯೇ ನೋಡಿ. ಸಿಕ್ಕದಿದ್ದರೆ ಮೊದಲ ಸಲ ಸ್ವಿಚ್ ಹಾಕಿದಾಗಲೇ ವೈರ್ ಶಾಫ್ಟಿಗೆ ಸುತ್ತಿಕೊಂಡು ಕಿತ್ತುಹೋಗುತ್ತದೆ.

ವೈರಿಂಗಿನಲ್ಲಿ ಒಂದೇ ಒಂದು ತಪ್ಪು ದುಬಾರಿ: ಕಿಲ್ ವೈರಿಗೆ 12 ವೋಲ್ಟ್ ಕೊಡುವುದು. ಮ್ಯಾಗ್ನೆಟೋ ಇಗ್ನಿಶನ್ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದನ್ನು ನಿಲ್ಲಿಸಲು ಕಿಲ್ ವೈರನ್ನು ಚಾಸಿಗೆ ಮುಟ್ಟಿಸಬೇಕು, ಅಷ್ಟೇ. ಕಾರಿನ ಲೆಕ್ಕದಲ್ಲಿ “ಓಡಲು ಕರೆಂಟ್ ಬೇಕು” ಎಂದುಕೊಂಡು ಬ್ಯಾಟರಿ ಕೊಟ್ಟರೆ ಇಗ್ನಿಶನ್ ಮಾಡ್ಯೂಲ್ ಸುಡುತ್ತದೆ. ಜೋಡಿಸುವ ಮೊದಲು ಗಾಡಿಯ ಕಡೆಯ ಕಿಲ್ ವೈರಿಗೆ ಮೀಟರ್ ಹಿಡಿಯಿರಿ. ಕೀ ಆಫ್ ಇದ್ದಾಗ ಚಾಸಿಗೆ ಪೂರ್ತಿ ಸಂಪರ್ಕ, ಸೀಟಿನಲ್ಲಿ ಯಾರಾದರೂ ಕೂತು ಕೀ ರನ್‌ಗೆ ತಂದಾಗ ಸಂಪರ್ಕ ಕಡಿದಿರಬೇಕು. ಎರಡೂ ಸ್ಥಿತಿಯಲ್ಲಿ ವೋಲ್ಟೇಜ್ ಸೊನ್ನೆ.

ಕಾರ್ಬೊರೇಟರಿನ ಕೆಳಗಿರುವ, ಪೆಟ್ರೋಲ್ ತಡೆಯುವ ಸೊಲೆನಾಯ್ಡಿಗೆ ಮಾತ್ರ 12 ವೋಲ್ಟ್ ಬೇಕು. ಕೀ ಹಾಕಿದಾಗ ‘ಟಿಕ್’ ಅನ್ನಬೇಕು. ಚಾರ್ಜಿಂಗ್ ವೈರು ಹಳೆಯದರಂತೆಯೇ ಇದ್ದರೆ ನೇರ ಸೇರಿಸಿ. ಕೆಲವು ಇಂಜಿನ್‌ಗಳಲ್ಲಿ ಡಯೋಡ್ ಕನೆಕ್ಟರಿನ ಬುಡದಲ್ಲೇ ಅಡಗಿರುತ್ತದೆ. ಆ ಕನೆಕ್ಟರನ್ನು ಕತ್ತರಿಸಿ ಬಿಸಾಡಿದರೆ ಬ್ಯಾಟರಿಗೆ ಚಾರ್ಜ್ ಹೋಗುವುದು ಅಲ್ಲಿಗೇ ನಿಂತಿತು.

ಹಳೆಯದನ್ನು ಕೊಂದದ್ದು ಹೊಸದನ್ನೂ ಕೊಲ್ಲದಿರಲು

ಟ್ಯಾಂಕಿನೊಳಗೆ ಬ್ಯಾಟರಿ ಟಾರ್ಚಿನ ಬೆಳಕು ಬಿಟ್ಟರೆ ಕಂದು ಮಡ್ಡಿ ಇತ್ತು. ಎರಡು ಸಲ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲಿದ ಮೇಲೆ ತಿಳಿಯಾಯಿತು. ಹೋಸ್ ಒಳಮೈ ಸುಲಿದು ಪುಡಿಯಾಗುತ್ತಿತ್ತು, ಅದನ್ನೂ ಫಿಲ್ಟರನ್ನೂ ಬದಲಿಸಲಾಯಿತು. ಟ್ಯಾಂಕಿಗೂ ಫಿಲ್ಟರಿಗೂ ನಡುವೆ ಒಂದು ಸಣ್ಣ ಕೈ ವಾಲ್ವ್ ಹಾಕಿದ್ದು ಈ ಇಡೀ ಕೆಲಸದ ಅತಿ ಅಗ್ಗದ, ಅತಿ ಮುಖ್ಯ ಭಾಗ. ಗಾಡಿ ನಿಲ್ಲಿಸಿದಾಗಲೆಲ್ಲ ಅದನ್ನು ಮುಚ್ಚಬೇಕು.

ಆಯಿಲ್! ಹೊಸ ಇಂಜಿನ್‌ಗಳು ಸಾಮಾನ್ಯವಾಗಿ ಒಣಗಿಯೇ ಬರುತ್ತವೆ. ಡಿಪ್‌ಸ್ಟಿಕ್‌ಗೆ ಅಂಟಿದ ಕಾರ್ಖಾನೆಯ ಎಣ್ಣೆ ಪಸೆ ನೋಡಿ ಮೋಸಹೋಗಬೇಡಿ. ಎಸ್‌ಎಇ 30 ಆಯಿಲ್ 1.2 ಲೀಟರ್ ಸುರಿದು, ಎರಡು ನಿಮಿಷ ಬಿಟ್ಟು ನೋಡಿ, ಉಳಿದದ್ದನ್ನು ಗೆರೆಯವರೆಗೆ ತುಂಬಿ. ಪ್ಲಗ್ ಅಂತರ 0.76 ಮಿ.ಮೀ.

ಪ್ಲಗ್ ಬಿಚ್ಚಿಟ್ಟು, ಅದರ ವೈರನ್ನು ಇಂಜಿನ್ ಮೈಗೆ ಅರ್ಥ್ ಮಾಡಿ, ಸ್ಟಾರ್ಟರನ್ನು ಐದೈದು ಸೆಕೆಂಡಿನಂತೆ ಮೂರು ಸಲ ಸುತ್ತಿಸಿ. ಒಳಗೆಲ್ಲ ಆಯಿಲ್ ಹರಡುತ್ತದೆ. ಆಮೇಲೆ ಪ್ಲಗ್ ಹಾಕಿ, ಬ್ಲೇಡ್ ಸೇರಿಸದೆ, ಬಯಲಿನಲ್ಲಿ ಸ್ಟಾರ್ಟ್ ಮಾಡಿ ಅರ್ಧ ಥ್ರಾಟಲಿನಲ್ಲಿ ಐದು ನಿಮಿಷ. ಹೊಸ ಸೈಲೆನ್ಸರ್ ಗ್ಯಾಸ್ಕೆಟ್ಟಿನಿಂದ ಸ್ವಲ್ಪ ಹೊಗೆ ಬಂದು ನಿಲ್ಲುತ್ತದೆ, ಗಾಬರಿ ಬೇಡ. ಬ್ಯಾಟರಿ ಮೇಲೆ ಮೀಟರ್ ಇಟ್ಟರೆ ಪೂರ್ತಿ ವೇಗದಲ್ಲಿ 13.5 ವೋಲ್ಟ್ ದಾಟಬೇಕು. ನಿಲ್ಲಿಸಿ, ಆಯಿಲ್ ಮಟ್ಟ ಮತ್ತೊಮ್ಮೆ.

ಟ್ಯಾಕೋಮೀಟರಿನಲ್ಲಿ ಗರಿಷ್ಠ ವೇಗ ಗಾಡಿಯ ಕೈಪಿಡಿ ಹೇಳಿದ್ದಷ್ಟೇ ಇರಲಿ. 3,600 ಆರ್‌ಪಿಎಂ ಮೀರಕೂಡದು. ಹುಲ್ಲು ಚೆನ್ನಾಗಿ ಕತ್ತರಿಸಲೆಂದು ಇಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗ್ ಎಳೆದು ವೇಗ ಏರಿಸುವುದು ರಾಡ್ ಮುರಿಯುವ ಇನ್ನೊಂದು ರಾಜಮಾರ್ಗ. ಬ್ಲೇಡ್ ತುದಿಯ ವೇಗವೂ ಅದರ ಜೊತೆಗೇ ಏರುತ್ತದೆ.

ಮೊದಲ ಐದು ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿ, ನಾಲ್ಕು ಮೌಂಟಿಂಗ್ ಬೋಲ್ಟು ಮತ್ತು ಪುಲ್ಲಿ ಬೋಲ್ಟಿಗೆ ಟಾರ್ಕ್ ರೆಂಚ್ ಹಿಡಿದು ನೋಡಬೇಕು. ಇಳಿಸಿದ ಆಯಿಲಿನಲ್ಲಿ ಬೂದಿಯಂಥ ನುಣುಪು ಹೊಳಪು ಇದ್ದರೆ ಅದು ಪಳಗುವಾಗಿನ ಸವೆತ. ಬೆರಳಿಗೆ ಚುಚ್ಚುವ ಚೂರು ಇದ್ದರೆ ಓಡಿಸುವುದು ಅಲ್ಲಿಗೇ ನಿಲ್ಲಲಿ.

ಇನ್ನೊಂದು ಪರೀಕ್ಷೆ ಬಾಕಿ. ಇಂಜಿನ್ ಪೂರ್ತಿ ತಣಿದ ಮೇಲೆ ಡಿಪ್‌ಸ್ಟಿಕ್ ಮಟ್ಟಕ್ಕೆ ಮಾರ್ಕರ್ ಗೆರೆ ಹಾಕಿ, ಹೊಸ ಕೈ ವಾಲ್ವನ್ನು ಬೇಕೆಂದೇ ತೆರೆದಿಟ್ಟು, ಗಾಡಿಯನ್ನು ಸಮತಟ್ಟಾದ ಕಡೆ ಒಂದು ರಾತ್ರಿ ನಿಲ್ಲಿಸಲಾಯಿತು. ಬೆಳಿಗ್ಗೆ ಮಟ್ಟ ಅದೇ ಗೆರೆಯಲ್ಲಿತ್ತು, ಮೂಗಿನ ಹತ್ತಿರ ಹಿಡಿದರೆ ಬರೀ ಆಯಿಲಿನ ವಾಸನೆ. ಕೈ ವಾಲ್ವ್ ಮುಚ್ಚಿ, ಬಾನೆಟ್ ಹಾಕಿ, ಡೆಕ್ಕನ್ನು ಮತ್ತೆ ಅಡಿಗೆ ತಳ್ಳಲಾಯಿತು.